ಹೊರಸಿನ ಮೇಲಿನ ಗುರು

"ಅಜ್ಜಾ, ಮತ್ತ ತಪ್ಪು. ಇನ್ನೊಮ್ಮೆ ಬರಿ."

ಗುಂಡು ಅಜ್ಜ ಬಳಪ ಕೆಳಗಿಟ್ಟು ಪಾಟಿ ಒರೆಸಿಕೊಂಡ. ನಾಲ್ಕನೇ ಇಯತ್ತೆ ಓದುವ ಮೊಮ್ಮಗಳು ಕೃಷ್ಣಾ ಹಗ್ಗದ ಹೊರಸಿನ ಮೇಲೆ, ಅಜ್ಜ ನೆಲದ ಮೇಲೆ. ಹೀಗೇ ಕೂರಬೇಕೆಂದು ಹಟ ಹಿಡಿದವನು ಅಜ್ಜನೇ.

ಇಚಲಕರಂಜಿಯ ಅವರ ಓಣಿಗೆ ಬಂದಿದ್ದ ಬೌದ್ಧ ಭಿಕ್ಷು ಭಂತೇಜಿ ಒಂದು ಕತೆ ಹೇಳಿದ್ದರು. ಅಶೋಕ ರಾಜ ಏಳು ವರ್ಷದ ಪುಟ್ಟ ಭಿಕ್ಷುವನ್ನು ಸಿಂಹಾಸನದ ಮೇಲೆ ಕೂರಿಸಿ, ತಾನು ಕೆಳಗೆ ಕೂತು ಧರ್ಮ ಕೇಳಿದನಂತೆ.

"ರಾಜಾನ ಕೆಳಗ ಕೂತ ಅಂದಮ್ಯಾಲ ನಂದೇನ ಐತಿ," ಎಂದಿದ್ದ ಅಜ್ಜ.

ಹುಣ್ಣಿಮೆಗೆ ಓಣಿಯ ಹೊಸ ಬುದ್ಧ ವಿಹಾರ ತೆರೆಯುವುದಿತ್ತು. ಮನೆಗೊಬ್ಬ ಹಿರಿಯರು ಅಲ್ಲಿಯ ಪುಸ್ತಕದಲ್ಲಿ ಹೆಸರು ಬರೆಯಬೇಕು. ಮಗ್ಗದ ಶೆಡ್ಡಿನಲ್ಲಿ ಇಷ್ಟು ವರ್ಷ ಪಗಾರಕ್ಕೆ ಹೆಬ್ಬೆಟ್ಟು ಒತ್ತಿದ ಅಜ್ಜನಿಗೆ ಅಲ್ಲಾದರೂ ಸಹಿ ಮಾಡುವ ಆಸೆ; ಅದಕ್ಕೇ ಈ ಪಾಠ.

ಅಷ್ಟರಲ್ಲಿ ಕೃಷ್ಣಾಳ ಗೆಳತಿಯೊಬ್ಬಳು ಆಟಕ್ಕೆ ಕರೆಯಲು ಬಂದಳು. ಅಜ್ಜ ಹೆಮ್ಮೆಯಿಂದ ಪಾಟಿ ತೋರಿಸಿದ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಗೆಳತಿ ಕಿಸಕ್ಕೆಂದು ನಕ್ಕಳು.

ಕೃಷ್ಣಾಳಿಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಗಲು ಎಷ್ಟು ಹೊತ್ತು?

"ನಿನ್ನ ತಲ್ಯಾಗ ಏನೂ ಹೋಗೂದಿಲ್ಲ ಬಿಡು," ಎಂದು ಪಾಟಿ ಕಸಿದುಕೊಂಡಳು.

ಅಜ್ಜ ಎದ್ದು ಹೊರಗೆ ಹೋದ. ಮರುದಿನ ಪಾಠಕ್ಕೆ ಕರೆದರೆ "ಕೆಲಸ ಐತಿ" ಎಂದ. ಅದರ ಮರುದಿನವೂ ಅದನ್ನೇ ಎಂದ.

ಹುಣ್ಣಿಮೆಯ ದಿನ ವಿಹಾರದಲ್ಲಿ ಅಜ್ಜನ ಸರದಿ ಬಂತು. ಅಜ್ಜ ಪೆನ್ನು ಹಿಡಿದ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಅದನ್ನು ಕೆಳಗಿಟ್ಟು, ಶಾಯಿಗೆ ಹೆಬ್ಬೆಟ್ಟು ಚಾಚಿದ. ಪಕ್ಕದಲ್ಲಿದ್ದ ಕೃಷ್ಣಾ ತಲೆ ತಗ್ಗಿಸಿದಳು.

ಮನೆಗೆ ಬರುವಾಗ ಅವ್ವ ಧೊಂಡುಬಾಯಿ ಮೆಲ್ಲಗೆ ಹೇಳಿದಳು.

"ನಿಮ್ಮಜ್ಜಾರು ಸಣ್ಣವರಿದ್ದಾಗ ಸಾಲಿಗೆ ಹೋಗ್ತಿದ್ರು. ಆವಾಗ ನಮ್ಮ ಜಾತಿ ಮಂದೀನ ಹೊರಗ, ಚಪ್ಪಲಿ ಬಿಡೂ ಕಡೆ ಕೂಡಸ್ತಿದ್ರವಾ. ಅಲ್ಲಿಂದ ಮಾಸ್ತರ ಬರಿಯೂ ಫಳಿ ಕಾಣೂದಿಲ್ಲ. ತಪ್ಪು ಬರದ್ರು. ನಿನ್ನ ತಲ್ಯಾಗ ಏನೂ ಹೋಗೂದಿಲ್ಲ ಅಂದ ಮಾಸ್ತರ. ಅವತ್ತ ಸಾಲಿ ಬಿಟ್ರು."

ಕೃಷ್ಣಾಳ ಕಾಲು ಅಲ್ಲೇ ನಿಂತವು. ಅದೇ ಮಾತನ್ನು ಅವಳು ಹೊರಸಿನ ಮೇಲೆ ಕೂತು ಅಂದಿದ್ದಳು.

ಸಂಜೆ ಅಜ್ಜ ಹೊರಸಿನ ಮೇಲಿದ್ದ. ಹೆಬ್ಬೆರಳ ನೀಲಿ ಇನ್ನೂ ಹೋಗಿರಲಿಲ್ಲ. ಕೃಷ್ಣಾ ಪಾಟಿ ತಂದು, ಅಜ್ಜ ದಿನಾ ಕೂರುತ್ತಿದ್ದ ಜಾಗದಲ್ಲೇ ಕೂತಳು.

"ಮ್ಯಾಲ ಬಾರವಾ. ಕಲಿಸಾಕಿ ಕೆಳಗ ಕೂಡಬಾರದು."

"ನಾ ಇಲ್ಲೇ ಕೂಡ್ತೇನಿ. ಅವತ್ತ ತಪ್ಪಿದಾಕಿ ನಾನ, ಅಜ್ಜಾ." ಅವಳಿಗೆ ಅಳು ಬಂತು.

ಅಜ್ಜ ನೀಲಿ ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ನಿಧಾನವಾಗಿ ಕೆಳಗಿಳಿದು ಅವಳ ಪಕ್ಕ ಕೂತ.

ಪಾಟಿ ಇಬ್ಬರ ನಡುವೆ ಇತ್ತು. ಹೊರಸಿನ ಮೇಲೆ ಯಾರೂ ಇರಲಿಲ್ಲ.