ಜಿಗಣೆ ಕಿತ್ತ ಹೊತ್ತು

"ಆಂಟಿ, ನನ್ನ ಎದೆ ಸರಿಯಾಗಿದೆ. ಯಾರೋ ಅದರ ಮೇಲೆ ಸುಳ್ಳು ಹೇಳಿದ್ದಾರೆ," ಎಂದಳು ಮೋನಿಷಾ, ಬಾಗಿಲಲ್ಲೇ ನಿಂತು.

ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ನಾನೂ ತಂಗಮ್ಮಕ್ಕನೂ ಇದ್ದೆವು. ಅವರು ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರು. ಜನ ಮಾತ್ರ ಅದನ್ನು ಒಪ್ಪಿರಲಿಲ್ಲ. ಕಳೆದುಹೋದ ಕಾಳುಮೆಣಸಿನ ಮೂಟೆಯಿಂದ ಹಿಡಿದು ಓಡಿಹೋದ ಮದುಮಗನವರೆಗೆ ಎಲ್ಲವೂ ನಮ್ಮ ಮೆಟ್ಟಿಲು ಹತ್ತಿ ಬರುತ್ತಿತ್ತು. ಅಂದು ಬಂದವರು ಕಾಲೇಜಿನ ಫುಟ್‌ಬಾಲ್ ಹುಡುಗಿಯರು.

ಮೋನಿಷಾಳ ಹಿಂದೆ, ಕೊನೆಯ ಮೆಟ್ಟಿಲ ಮೇಲೆ, ಅವಳ ಗೆಳತಿ ತನ್ಮಯೀ ಕಂಬಿ ಹಿಡಿದು ಕೂತುಬಿಟ್ಟಿದ್ದಳು.

"ಎಂತ ಕೂಸೇ, ಫುಟ್‌ಬಾಲ್ ಆಡುವವಳಿಗೆ ಇಪ್ಪತ್ತು ಮೆಟ್ಟಿಲು ಭಾರವಾ?" ತಂಗಮ್ಮಕ್ಕ ನಕ್ಕರು.

"ತಿಂಡಿ ತಿಂದಿಲ್ಲ ಆಂಟಿ. ಕೆಳಗಿಂದ ಪಫ್ಸ್ ವಾಸನೆ ಬಂದು ಕಾಲೇ ಏಳ್ತಿಲ್ಲ."

ನಾನು ಪಫ್ಸ್ ತರಿಸಿದೆ. ತಿನ್ನುತ್ತಾ ಇಬ್ಬರೂ ಕತೆ ಹೇಳಿದರು. ರಾಜ್ಯ ಶಿಬಿರಕ್ಕೆ ಕಾಲೇಜಿನಿಂದ ಒಬ್ಬಳೇ ಫಾರ್ವರ್ಡ್ ಹೋಗಬಹುದಿತ್ತು. ಅಂದು ಮಧ್ಯಾಹ್ನದ ಆಯ್ಕೆ ಪಂದ್ಯದಲ್ಲಿ ಆ ಜಾಗದಲ್ಲಿ ಆಡಬೇಕಾದವಳು ಮೋನಿಷಾ. ಆದರೆ ಹಿಂದಿನ ದಿನ ಎಲ್ಲರ ಹೃದಯ ಪರೀಕ್ಷೆ ನಡೆದಿತ್ತು. ಎದೆಗೆ ಬೆಲ್ಟ್ ಕಟ್ಟಿ, ಅದಕ್ಕೊಂದು ಗುಂಡಿಯಂಥ ಯಂತ್ರ ಸಿಕ್ಕಿಸಿ, ಮೊದಲು ನಿಧಾನ, ಆಮೇಲೆ ಹದವಾಗಿ, ಕೊನೆಗೆ ಪೂರ್ತಿ ಜೋರಾಗಿ ಓಡಿಸಿ ನಿಲ್ಲಿಸುತ್ತಾರೆ. ಓಟದ ಜೋರು ಏರಿದಂತೆ ಬಡಿತ ಏರಬೇಕು, ನಿಂತ ಮೇಲೆ ಬೇಗ ಇಳಿಯಬೇಕು. ಯಂತ್ರ ಬರೆದ ಬಡಿತದ ಗೆರೆಗಳಲ್ಲಿ ಮೋನಿಷಾಳ ಹೆಸರಿನದು ಹದವಾದ ಓಟದಲ್ಲೇ ಏಕಾಏಕಿ ಗೋಡೆ ಹತ್ತಿದಂತೆ ಏರಿ, ನಿಂತ ಮೇಲೂ ಇಳಿದಿರಲಿಲ್ಲ. ಅದನ್ನು ನೋಡಿದ ಡಾಕ್ಟರು ಆಡಲೇಬಾರದು ಎಂದಿದ್ದರು. ಕೂತು ತೆಗೆಸಿದ ಇಸಿಜಿ ಸರಿಯಿತ್ತು, ಆದರೆ ತೊಂದರೆ ಓಡುವಾಗ ಮಾತ್ರ ಕಾಣುವಂಥದ್ದು, ಮೈಸೂರಿಗೆ ಹೋಗಿ ತೋರಿಸಿ ಎಂದರಂತೆ.

"ನಂಗೇನೂ ಆಗಿಲ್ಲ ಆಂಟಿ! ಓಟ ಮುಗಿಸಿ ಎರಡು ಉಸಿರು ತಗೊಂಡೆ, ಅಷ್ಟೇ."

"ನಂಗೂ ನಿನ್ನೆ ಎದೆ ಡವಡವ ಅಂತಿತ್ತು," ಎಂದಳು ತನ್ಮಯೀ. "ಓಡಿದ್ರೆ ಎಲ್ಲರಿಗೂ ಆಗತ್ತೆ ಅಂದ್ರು ಚಿಕ್ಕಮ್ಮ. ಇವಳ ಬದಲು ಇವತ್ತು ನಾನು ಆಡಬೇಕಂತೆ. ಇವಳ ಜಾಗ ನಂಗೆ ಹೀಗೆ ಬೇಡ. ಅದಕ್ಕೇ ಎಳ್ಕೊಂಡು ಬಂದೆ."

ಚಿಕ್ಕಮ್ಮ ಎಂದರೆ ಅನ್ನಪೂರ್ಣೇಶ್ವರಿ, ತಂಡದ ಕೋಚ್, ನನ್ನ ಗೆಳತಿ. ಅಕ್ಕ ತೀರಿಕೊಂಡಾಗ ಎರಡು ವರ್ಷದ ತನ್ಮಯೀಯನ್ನು ಸೊಂಟಕ್ಕೇರಿಸಿಕೊಂಡು ಬಂದವಳು, ಮದುವೆಯನ್ನೂ ತನ್ನ ಆಟವನ್ನೂ ಅಲ್ಲಿಗೇ ಬಿಟ್ಟಳು. ನನ್ನ ಕಷ್ಟದ ದಿನಗಳಲ್ಲಿ ಮಾತಿಲ್ಲದೆ ಬಂದು ಪಕ್ಕದಲ್ಲಿ ಕೂರುತ್ತಿದ್ದವಳು ಅವಳೊಬ್ಬಳೇ.

ತಂಗಮ್ಮಕ್ಕ ಮೋನಿಷಾಳ ಕಾಲು ನೋಡುತ್ತಿದ್ದರು. "ಸಾಕ್ಸಿಗೆ ಎಂತ ರಕ್ತ?"

"ಜಿಗಣೆ. ಮೈದಾನದ ಆ ತುದಿ ತೋಟಕ್ಕೆ ತಾಗಿದೆಯಲ್ಲ. ನಿನ್ನೆ ಪರೀಕ್ಷೇಲಿ ಹದವಾಗಿ ಓಡ್ತಾ ಇರೋವಾಗಲೇ ಹತ್ತಿತ್ತು."

"ಮೈದಾನದ ಅಂಚಲ್ಲಿ ಕುಕ್ಕರುಗಾಲಲ್ಲಿ ಕೂತು ಕೀಳ್ತಿದ್ಳು," ತನ್ಮಯೀ ನಕ್ಕಳು. "ನಾನು ಪಕ್ಕದಲ್ಲೇ ಓಡ್ತಾ, 'ಅದನ್ನೂ ಶಿಬಿರಕ್ಕೆ ಕರ್ಕೊಂಡ್ ಹೋಗೇ' ಅಂದೆ."

"ನೀನು ನಿಲ್ಲಲಿಲ್ಲವಾ?"

"ನಾನಾ? ನಿಂತಿದ್ರೆ ಚಿಕ್ಕಮ್ಮ ಬಿಡ್ತಿದ್ರಾ? ಅಪರೂಪಕ್ಕೆ ಜೋರಾಗಿ ಓಡೋಕೆ ಬಿಟ್ಟಿದ್ರು. ದಿನಾ ಜೋರು ಓಟ ಬಂದಾಗ ನನ್ನನ್ನ ಪಾಸಿಂಗ್‌ಗೆ ನಿಲ್ಲಿಸ್ತಾರೆ, ಪಾದದ ಕೀಲು ವೀಕಂತೆ. ಕೀಲು ಗಟ್ಟಿಯಾಗೇ ಇದೆ! ಪ್ರಾಕ್ಟೀಸ್ ಮುಗಿದ ಕೂಡಲೇ ಬಂದು ಬಿಗಿಯಾಗಿ ಅಪ್ಪಿಕೊಳ್ತಾರೆ, ಬೆವರು ಅಂತ ಹೇಸೋದೂ ಇಲ್ಲ. ಇವರೆಲ್ಲ ನನ್ನ 'ಚಿಕ್ಕಮ್ಮನ ಪಾಪು' ಅಂತ ಆಡ್ಕೊಳ್ತಾರೆ."

ಇಬ್ಬರ ಗೆರೆಗಳೂ ತಂಡದ ವಾಟ್ಸಾಪ್ ಗುಂಪಿಗೆ ಬಂದಿದ್ದವು. ತಂಗಮ್ಮಕ್ಕ ಕನ್ನಡಕ ಏರಿಸಿ ಒಂದೊಂದನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು. "ವಿಶಾಲಾ, ಜೀಪಿಗೆ ಹೇಳು. ಪಂದ್ಯ ಶುರುವಾಗುವ ಮೊದಲು ನಾವು ಅಲ್ಲಿರಬೇಕು."

ಮೈದಾನದಲ್ಲಿ ಮೊದಲು ಸಿಕ್ಕಿದವನು ಸಹಾಯಕ ಕೋಚ್ ಮಿಲನ್. ಮೋನಿಷಾ ಅವನಿಗೆ ಎಲ್ಲರೆದುರು 'ಸೀಟಿ ಸರ್' ಎಂದು ಹೆಸರಿಟ್ಟಿದ್ದಳು. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಗುಂಡಿಗಳಿಗೆ ಹೆಸರು ಅಂಟಿಸಿ ಪೆಟ್ಟಿಗೆಲಿಟ್ಟವನು ನಾನೇ ಮೇಡಂ," ಎಂದ. "ಹಾಗಂತ ನನ್ನ ಮೇಲೆ ಹಾಕಬೇಡಿ. ಸಿಕ್ಕಿಸೋ ಹೊತ್ತಿಗೆ ನಾನು ಆ ತುದೀಲಿ ಕೋನ್ ಜೋಡಿಸ್ತಿದ್ದೆ. ಅನ್ನಪೂರ್ಣ ಮೇಡಮ್ಮೇ ಕಳಿಸಿದ್ದು."

ಬಟ್ಟೆ ಬದಲಿಸುವ ಶೆಡ್ಡಿನಲ್ಲಿ ತಂಗಮ್ಮಕ್ಕ ಹುಡುಗಿಯರಿಬ್ಬರನ್ನೂ ಕೋಚ್‌ಗಳಿಬ್ಬರನ್ನೂ ಕೂರಿಸಿದರು. ತನ್ಮಯೀ ಆಗಲೇ ಎದೆಗೆ ಬೆಲ್ಟ್ ಕಟ್ಟಿಕೊಂಡು ತಯಾರಾಗಿದ್ದಳು. ಅನ್ನಪೂರ್ಣ ನನ್ನನ್ನು ನೋಡಿ ನಕ್ಕಳು. "ಏನೇ ವಿಶಾಲಾ, ಮ್ಯಾಚ್ ನೋಡೋಕೆ ಬಂದ್ಯಾ?" ನಾನೂ ನಕ್ಕೆ. ಆ ನಗು ಇವತ್ತಿಗೂ ನನ್ನ ಮುಖದಲ್ಲಿ ಎಲ್ಲೋ ಅಂಟಿಕೊಂಡಿದೆ ಅನಿಸುತ್ತದೆ.

"ಹೃದಯಕ್ಕೆ ಸುಳ್ಳು ಹೇಳಲು ಬರುವುದಿಲ್ಲ," ತಂಗಮ್ಮಕ್ಕ ಆರಂಭಿಸಿದರು. "ಓಟ ಜೋರಾದರೆ ಏರುತ್ತದೆ, ನಿಂತರೆ ಇಳಿಯುತ್ತದೆ. ನಿನ್ನೆ ಹದವಾದ ಓಟದ ನಡುವೆ ಒಬ್ಬಳು ನಿಂತಳು."

"ಯಾರೂ ನಿಂತಿಲ್ಲ," ಎಂದಳು ಅನ್ನಪೂರ್ಣ. "ನಾನೇ ನೋಡ್ತಿದ್ನಲ್ಲ."

"ಮೋನಿಷಾ ಜಿಗಣೆ ಕಿತ್ತಳು."

"ಅದಾ? ಜಿಗಣೆ ಕೀಳೋದನ್ನ ಯಾರಾದ್ರೂ ನಿಂತದ್ದು ಅಂತಾರಾ?"

"ನಮ್ಮ ಕಡೆ ಯಾರೂ ಅನ್ನುವುದಿಲ್ಲ. ಮಾತಾಡುತ್ತಾ, ನಡೆಯುತ್ತಾ ಕಿತ್ತು ಬಿಸಾಡುತ್ತೇವೆ, ಮರೆಯುತ್ತೇವೆ. ನೀವೂ ಮರೆತಿರಿ. ಅವಳ ಎದೆ ಮರೆಯಲಿಲ್ಲ." ಅವರು ಫೋನನ್ನು ನಡುವೆ ಇಟ್ಟರು. "ಅಲ್ಲಿ ಬಡಿತ ತುಸು ಇಳಿದು ಮತ್ತೆ ಏರಬೇಕಿತ್ತು. ಮೋನಿಷಾಳ ಹೆಸರಿನ ಗೆರೆಯಲ್ಲಿ ಆ ತಗ್ಗು ಇಲ್ಲ. ಒಂದು ಸಲವೂ ನಿಲ್ಲದೆ ಓಡಿದ ತನ್ಮಯೀಯ ಹೆಸರಿನಲ್ಲಿ ಇದೆ. ಗುಂಡಿಗಳು ಅದಲು ಬದಲಾಗಿದ್ದವು. ಒಳ್ಳೆಯ ಹೃದಯ ಮೋನಿಷಾಳದ್ದು. ಹಾಗಾದರೆ ಆ ಇನ್ನೊಂದು ಯಾರದ್ದು?"

ತನ್ಮಯೀಯ ಕೈ ತಾನಾಗಿ ಎದೆಗೆ ಹೋಯಿತು.

"ಮಿಲನ್ ತಪ್ಪಿ ಅಂಟಿಸಿರಬೇಕು," ಎಂದಳು ಅನ್ನಪೂರ್ಣ.

"ನಾನೂ ಮೊದಲು ಹಾಗೇ ಅಂದುಕೊಂಡೆ. ಮೋನಿಷಾಳ ಮೇಲೆ ಅವನಿಗೆ ಸಿಟ್ಟೂ ಇದೆ. ಆದರೆ ಬದಲಾಯಿಸುವುದರಿಂದ ಮೋನಿಷಾಳಿಗೆ ಕೆಡುಕಾಗುತ್ತದೆ ಎಂದು ತಿಳಿಯಬೇಕಾದರೆ, ತನ್ಮಯೀಯ ಗೆರೆ ಕೆಟ್ಟದಾಗಿ ಬರುತ್ತದೆ ಎಂದು ಮೊದಲೇ ಗೊತ್ತಿರಬೇಕು. ಮಿಲನ್‌ಗೆ ಗೊತ್ತಿರಲಿಲ್ಲ, ಅವನು ಅವಳ ಜೋರು ಓಟವನ್ನೇ ಕಂಡಿಲ್ಲ. ತನ್ಮಯೀಗೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಈ ಗೆರೆಗಳನ್ನು ನನ್ನ ಬಾಗಿಲಿಗೆ ತರುತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬರಿಗೆ. ಇಲ್ಲದ ಕೀಲುನೋವು ಹೇಳಿ ಅವಳನ್ನು ಜೋರು ಓಟದಿಂದ ದೂರ ಇಟ್ಟವರಿಗೆ. ಮಿಲನ್‌ನನ್ನು ಆ ತುದಿಗೆ ಕಳಿಸಿ ಗುಂಡಿಗಳನ್ನು ತಾವೇ ಸಿಕ್ಕಿಸಿದವರಿಗೆ."

ಹೊರಗೆ ಯಾರೋ ಚೆಂಡು ಒದ್ದರು. ಅದು ಶೆಡ್ಡಿನ ತಗಡಿಗೆ ಬಡಿದು ಸದ್ದಾಯಿತು. ನಾನು ಗೆಳತಿಯ ಮುಖ ನೋಡಿದೆ. ಅಲ್ಲ ಎಂದು ಒಂದು ಮಾತು ಬರಲಿ ಎಂದು ಕಾದೆ. ಅವಳು ನನ್ನನ್ನು ನೋಡಲಿಲ್ಲ.

"ಮಳೆ ಶುರುವಾಗೋ ಮೊದಲು ಒಂದ್ಸಲ ಅವಳಿಗೆ ಬೆಲ್ಟ್ ಕಟ್ಟಿ ಓಡಿಸಿ ನೋಡಿದ್ದೆ," ಎಂದಳು ಕೊನೆಗೆ. "ಒಂದೇ ಮ್ಯಾಚು. ಆಯ್ಕೆ ಆಗಿಬಿಟ್ರೆ ಆಮೇಲೆ ದೊಡ್ಡ ಡಾಕ್ಟರಿಗೆ ತೋರಿಸೋಣ ಅಂತಿದ್ದೆ. ಮೊದಲೇ ಹೇಳಿದ್ರೆ ಬೂಟೇ ಬಿಚ್ಚಿಸಿಬಿಡ್ತಾರೆ. ಬಿಚ್ಚಿದವಳಿಗೆ ಗೊತ್ತು ಅದು ಏನು ಅಂತ."

"ನನ್ನ ತನ್ಮಯೀಗೇನಾದ್ರೂ ಆಗಿದ್ರೆ?" ಮೋನಿಷಾ ಕೂಗಿದಳು. ತನ್ನ ಜಾಗ ಹೋದದ್ದಕ್ಕೆ ಅವಳು ಅಷ್ಟು ಕೂಗಿರಲಿಲ್ಲ.

ತನ್ಮಯೀ ಬೆಲ್ಟ್ ಬಿಚ್ಚಲು ಹೊರಟಳು. ಬೆಲ್ಟಿನ ಕೊಕ್ಕೆ ಬೆನ್ನ ಹಿಂದಿತ್ತು. ಕೈ ಹಿಂದೆ ಹಾಕಿ ತಡಕಾಡಿದಳು. ಅನ್ನಪೂರ್ಣ ಅಭ್ಯಾಸದಂತೆ ಎದ್ದು ಕೈ ಚಾಚಿದಳು. ಹುಡುಗಿ ಪಕ್ಕಕ್ಕೆ ಸರಿದು, ಮೋನಿಷಾಳಿಗೆ ಬೆನ್ನು ಕೊಟ್ಟಳು.

ಮಿಲನ್ ಮೋನಿಷಾಳನ್ನು ಮೈದಾನಕ್ಕೆ ಕರೆದೊಯ್ದ. ನಾವು ತನ್ಮಯೀಯನ್ನು ಜೀಪಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆವು. ಗೇಟು ದಾಟುವಾಗ ಪಂದ್ಯದ ಸೀಟಿ ಕೇಳಿಸಿತು. ಗೋಡೆಯ ಪಕ್ಕ ಅನ್ನಪೂರ್ಣ ನಿಂತಿದ್ದಳು. ನಾನು ಜೀಪು ನಿಲ್ಲಿಸು ಎನ್ನಲಿಲ್ಲ.

"ವಾಸಿಯಾಗುವಂಥದ್ದೇ ಇರುತ್ತದೆ ಕೂಸೇ, ಹೆದರಬೇಡ," ಎಂದರು ತಂಗಮ್ಮಕ್ಕ.

ಅವಳು ಹೆದರಿರಲಿಲ್ಲ. ಬೇರೇನೋ ಯೋಚಿಸುತ್ತಿದ್ದಳು.

"ಆಂಟಿ," ಎಂದಳು, "ಪ್ರಾಕ್ಟೀಸ್ ಮುಗಿದ ಮೇಲೆ ಅಪ್ಪಿಕೊಳ್ತಿದ್ರಲ್ಲ, ಅದು... ಎದೆ ಹೇಗೆ ಬಡೀತಿದೆ ಅಂತ ಕೇಳೋಕಾ?"

ನಾನು ಅವಳನ್ನು ಹತ್ತಿರಕ್ಕೆ ಎಳೆದುಕೊಳ್ಳಲೆಂದು ಕೈ ಎತ್ತಿದೆ. ಅವಳ ಮೈ ಬಿಗಿಯಾದದ್ದು ಕಂಡು, ಕೈಯನ್ನು ಮಡಿಲಲ್ಲೇ ಇಟ್ಟುಕೊಂಡೆ.