ಕಮತಗಿಯಿಂದ ಅಂಡಮಾನಿಗೆ ಮೂರು ಸೀಟು

ಬಸ್ಸು ಹತ್ತಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಸೆರಗು ಸರಿಮಾಡಿ ತಲೆಯೆತ್ತಿದಾಗ ಜಯಶ್ರೀಗೆ ಡ್ರೈವರನ ಕನ್ನಡಿಯಲ್ಲಿ ಎರಡು ಕಣ್ಣು ಕಂಡವು.

ಅವೇ ಕಣ್ಣು!

ಇಳಿದುಬಿಡೋಣವೆಂದರೆ ಬಸ್ಸು ಆಗಲೇ ಕಮತಗಿ ದಾಟಿತ್ತು. ಇನ್ನು ಬಾಗಲಕೋಟೆಯವರೆಗೂ ಆ ಕಣ್ಣುಗಳ ಎದುರೇ ಕೂತಿರಬೇಕು.

ಸ್ಟೇರಿಂಗ್ ಹಿಡಿದಿದ್ದವನು ಮುತ್ತುರಾಜ. ಅವಳ ಗಂಡ. ತೊಡೆಯ ಮೇಲಿದ್ದ ಐದು ತಿಂಗಳ ಹೆಣ್ಣುಕೂಸಿನ ಅಪ್ಪ. ಕೂಸು ಹುಟ್ಟಿದ ದಿನ ದವಾಖಾನೆಗೆ ಬಂದು, ಎತ್ತಿಕೊಂಡು, ಕಣ್ಣು ಒದ್ದೆ ಮಾಡಿಕೊಂಡು ಹೋದವನು ಮತ್ತೆ ಮುಖ ತೋರಿಸಿರಲಿಲ್ಲ.

ಅವನೇನು ಪರದೇಶದಲ್ಲಿದ್ದನೇ? ಇಳಕಲ್ಲಿನಿಂದ ಬಾಗಲಕೋಟೆಗೆ ದಿನವೂ ಇದೇ ರಸ್ತೆಯಲ್ಲಿ ಬಸ್ಸು ಓಡಿಸುವವನು! ದಿನವೂ ಕಮತಗಿಯಲ್ಲಿ ನಿಲ್ಲಿಸುವವನು! ಬಸ್ ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆದರೆ ಅವಳ ತವರುಮನೆಯ ಒಲೆಯ ಮುಂದೆ ಕೇಳುತ್ತಿತ್ತು. ಮುಂಜಾನೆಯ ಮತ್ತು ಸಂಜೆಯ ಬಸ್ಸು ಅವನವೆಂದು ಗೊತ್ತಿದ್ದೇ ಅವಳು ಇವತ್ತು ಮಧ್ಯಾಹ್ನದ ಬಸ್ಸು ಹತ್ತಿದ್ದಳು. ಕೂಸಿಗೆ ನೆಗಡಿ, ಡಾಕ್ಟರಿಗೆ ತೋರಿಸಬೇಕಿತ್ತು. ಇವತ್ತೊಂದು ದಿನ ಪಾಳಿ ಬದಲಾದದ್ದು ಅವಳಿಗೇನು ಗೊತ್ತು?

ಕಂಡಕ್ಟರ್ ಹುಸೇನಪೀರ ಬಂದ. ಈ ರೂಟಿಗೆ ಹೊಸಬ, ಅವಳ ಗುರುತಿಲ್ಲ.

"ಆಧಾರ ತೋರಸ್ರಿ ಅಕ್ಕಾರ. ಬಾಗಲಕೋಟಿ ಏನು? ಹಾಂ, ತಗೋರಿ. ಕೂಸಿಗೇನ್ ಬ್ಯಾಡ. ತೊಡಿ ಮ್ಯಾಲಿನ ಪ್ಯಾಸೆಂಜರಿಗೆ ಟಿಕೆಟ್ ಇಲ್ಲ!"

ಅವನು ನಕ್ಕ. ಅವಳು ನಗಲಿಲ್ಲ. ಹುಸೇನಪೀರ ಮುಂದೆ ಹೋಗಿ ಬಾನೆಟ್ಟಿನ ಹತ್ತಿರ ಕೂತ.

"ಏನ್ಲೇ ಮುತ್ತೂ, ಅಂಡಮಾನಿನ ಸೀಟು ಪಕ್ಕಾ ಆದೂ ಏನು?"

ಕನ್ನಡಿಯ ಕಣ್ಣು ಗಾಬರಿಯಾದವು.

"ಸುಮ್ನಿರೋ ಮಾರಾಯಾ..."

"ಯಾಕಲೇ, ಮೂರು ಸೀಟು ಅಂತಿದ್ಯಲ್ಲ? ಬರೋ ತಿಂಗಳ ಫ್ಯಾಮಿಲಿ ಟೂರು! ಗಾಜಿನ ತಳದ ದೋಣಿ, ಕೆಳಗ ಬಣ್ಣಬಣ್ಣದ ಮೀನಾ... ನಮ್ಮ ಡಿಪೋದಾಗ ಯಾಂವ ಹೋಗ್ಯಾನ್ಲೇ ಸಮುದ್ರದ ನಡುವಿನ ಊರಿಗೆ?"

"ಹುಸೇನಾ, ರೋಡ್ ನೋಡಾಕ ಬಿಡು!"

ಬಸ್ಸು ಒಮ್ಮೆಲೇ ಜೋರಾಯಿತು. ಜಯಶ್ರೀ ಕಂಬಿ ಹಿಡಿದುಕೊಂಡಳು.

ಮೂರು ಸೀಟು... ಅವರು, ಅವರ ತಾಯಿ, ಮೂರನೆಯದು ಯಾರದ್ದು?

ನನ್ನದಾಗಿದ್ದರೆ ಇಷ್ಟು ಗಾಬರಿ ಯಾಕೆ? ನನ್ನದಾಗಿದ್ದರೆ ಕೂಸಿನದೂ ಸೇರಿ ನಾಲ್ಕಾಗಬೇಕಲ್ಲ!

ಬಾಗಲಕೋಟೆಯಲ್ಲಿ ಎಲ್ಲರೂ ಇಳಿದ ಮೇಲೆ ಅವಳು ಇಳಿದಳು. ಮುತ್ತುರಾಜ ಬಾಗಿಲ ಹತ್ತಿರ ಕಾದಿದ್ದ. ಗಡ್ಡ ಬೆಳೆದಿತ್ತು. ಸೊರಗಿದ್ದ.

"ಜಯಾ... ಫೋನ್ ಯಾಕ ಎತ್ತವಲ್ಲಿ?"

"ಎತ್ತಿ ಏನ್ ಮಾಡ್ಲಿ? ಕರ್ಯಾಕ ಯಾವಾಗ ಬರ್ತೀರಿ ಅಂದ್ರ, ತಡಿ ತಡಿ ಅಂತೀರಿ. ತಡದು ತಡದು ಸಾಕಾತು."

ಅವನು ಕೈ ಚಾಚಿದ. "ಕೂಸಿನ್ನ ಒಂದು ನಿಮಿಷ ಕೊಡ ಇಲ್ಲೆ..."

ಅವಳು ಕೂಸನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅವನ ಕೈ ಗಾಳಿಯಲ್ಲೇ ಉಳಿಯಿತು. ಏನಾದರೂ ಮಾತಾಡಬೇಕಲ್ಲ ಎಂದು, ಪಾಪ, ಆಡಬಾರದ ಮಾತನ್ನೇ ಆಡಿದ.

"ಕೂಸಿನ ಜನ್ಮದ ಸರ್ಟಿಫಿಕೇಟ್ ಬೇಕಾಗೇತಿ. ಅದರ ಫೋಟೋ ಕಳ್ಸು ಜಯಾ. ಯಾಕಂತ ಈಗ ಕೇಳಬ್ಯಾಡ."

ಜಯಶ್ರೀಗೆ ಮೂರನೆಯ ಸೀಟು ಯಾರದ್ದೆಂದು ಗೊತ್ತಾಗಿಹೋಯಿತು.

ಅವರು, ಅವರ ತಾಯಿ, ನನ್ನ ಕೂಸು!

ತಿರುಗಿ ನೋಡದೆ ನಡೆದುಬಿಟ್ಟಳು.

ಇಷ್ಟಕ್ಕೆಲ್ಲ ಬೀಜ ಬಿದ್ದದ್ದು ತವರಿನಲ್ಲಿ ನಡೆದ ಅವಳ ಕುಬಸದ, ಅಂದರೆ ಸೀಮಂತದ ದಿನ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ದಿನ ಆಡಿದವನು ಅವಳ ಅಪ್ಪ ಹುಲ್ಲಪ್ಪ. ಕುರಿ ಸಾಕುವ ಮನುಷ್ಯ. ನಾಲಿಗೆ ಸ್ವಲ್ಪ ಉದ್ದ, ಮನಸ್ಸು ಬೆಣ್ಣೆ. ಊಟದ ಪಂಕ್ತಿಯಲ್ಲಿ ಬೀಗರೆಲ್ಲ ಕೂತಿದ್ದಾಗ ಅಂದುಬಿಟ್ಟಿದ್ದ.

"ಮಂದೀಗೆಲ್ಲ ಊರು ತೋರಸ್ತಾನ ನಮ್ಮ ಅಳ್ಯಾ. ನನ್ನ ಮಗಳಿಗೆ ಮಾತ್ರ ತನ್ನೂರು ಮರೋಳದ ಒಲಿ ಬಿಟ್ಟು ಬ್ಯಾರೆ ಏನೂ ತೋರಿಸಿಲ್ಲ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮುತ್ತುರಾಜ ತಲೆ ತಗ್ಗಿಸಿ ತುತ್ತು ನುಂಗಿದ. ಅವನ ತಾಯಿ ಮಾಯವ್ವ ಮಾತ್ರ ಎಲೆಯ ಮುಂದಿನಿಂದ ಎದ್ದಳು. "ಬೀಗರು ತಪ್ಪಾತು ಅನ್ನೂ ತನಕ ಈ ಹೊಸ್ತಲಾ ತುಳ್ಯಾಂಗಿಲ್ಲ!" ಎಂದು ಹೋದವಳು ಹೋದಳೇ.

ಬಾಣಂತನಕ್ಕೆ ತವರಿಗೆ ಬಂದವಳು ತಾನಾಗಿ ಗಂಡನ ಮನೆಗೆ ಹೋಗುವಂತಿಲ್ಲ. ಆ ಮನೆಯ ಹಿರಿಯರು ಕರೆಯಲು ಬರಬೇಕು, ಈ ಮನೆಯವರು ಉಡಿ ತುಂಬಿ ಕಳಿಸಬೇಕು. ಮೂರನೆಯ ತಿಂಗಳು ಇಲ್ಲವೇ ಐದನೆಯದು. ಮೂರು ಕಳೆದಿತ್ತು. ಐದೂ ಈಗ ಮುಗಿಯುತ್ತ ಬಂದಿತ್ತು.

ಅಂದು ಸಂಜೆ ಅವಳ ಅವ್ವ ಶಿವಲಿಂಗವ್ವ ಬಿಡದೆ ಕೇಳಿದಾಗ ಜಯಶ್ರೀ ಎಲ್ಲ ಹೇಳಿದಳು. ಹುಲ್ಲಪ್ಪನ ಮುಖ ಕೆಂಪಾಯಿತು.

"ಕೂಸಿನ್ನ ಅಷ್ಟ ಒಯ್ತಾರಂತ? ಹಡದಾಕಿನ್ನ ಬಿಟ್ಟು? ಅಮಾಸಿ ತನಕ ನೋಡ್ತೇನಿ. ಕರ್ಯಾಕ ಬಂದ್ರ ಸೈ. ಇಲ್ಲಂದ್ರ ಹಿರ್ಯಾರ್ನ ಕೂಡಸ್ತೇನಿ. ಬಿಡ್ತೀರೋ, ಇಟಗೋತೀರೋ, ಒಂದ ಮಾತು ಆಗ್ಲಿ!"

"ಅಪ್ಪಾ, ಹಂಗನಬ್ಯಾಡ..."

"ಮತ್ತೇನನ್ಲಿ? ಅಮಾಸಿ ನಾಡದ ಐತಿ."

ನಾಡಿದ್ದು! ಹಿರಿಯರು ಕೂತರೆಂದರೆ ಮನೆಯ ಮಾತು ಊರ ಮಾತಾಗುತ್ತದೆ. ಆಮೇಲೆ ಕೂಡಿಸುವುದು ಯಾರ ಕೈಯಲ್ಲಿದೆ?

ಹಾರ್ನ್ ಕೇಳಿಸಿತು. ಎರಡು ಸಲ, ಸಣ್ಣಗೆ. ದಿನವೂ ಕಮತಗಿಯ ತಿರುವಿನಲ್ಲಿ ಹೀಗೆಯೇ ಎರಡು ಸಲ ಹೊಡೆಯುತ್ತಿದ್ದ. ಮೊದಲೆಲ್ಲ ಅದು ನನಗೇ ಎಂದುಕೊಂಡು ಅಂಗಳಕ್ಕೆ ಓಡುತ್ತಿದ್ದಳು. ಇವತ್ತು ಕಿವಿ ಮುಚ್ಚಿಕೊಂಡಳು.

ಆದರೂ ನೆನಪು ಬಿಡಬೇಕಲ್ಲ! ಮದುವೆಯಾಗಿ ಮರೋಳದ ಹೊಸ್ತಿಲ ಮೇಲೆ ನಿಂತಾಗ, ಒಡಪು ಕಟ್ಟಿ ಗಂಡನ ಹೆಸರು ಹೇಳೆಂದು ಹೆಂಗಸರೆಲ್ಲ ಅಡ್ಡಗಟ್ಟಿದ್ದರು. ಅವಳು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಗ ಅವನೇ "ಮುಂದ ಯಾವಾಗರ ಹೇಳ್ತಾಳ, ಬಿಡ್ರಿ" ಎಂದು ಬಿಡಿಸಿ ಒಳಗೆ ಕರೆದುಕೊಂಡಿದ್ದ. ಆ 'ಮುಂದ' ಇನ್ನೂ ಬಂದಿರಲಿಲ್ಲ. ಇವತ್ತಿಗೂ ಅವಳ ಬಾಯಲ್ಲಿ ಅವನು ಬರೀ 'ಅವರು'.

ಅಂಥವರು ನನ್ನ ಕೂಸನ್ನು ನನ್ನಿಂದ ಕಿತ್ತುಕೊಳ್ಳುತ್ತಾರಾ...?

ಅಮಾವಾಸ್ಯೆಯ ಮುಂಜಾನೆ ಹುಲ್ಲಪ್ಪ ರುಮಾಲು ಸುತ್ತಿಕೊಂಡು ಹಿರಿಯರ ಮನೆಗೆ ಹೊರಟ. ಅವನು ಓಣಿ ದಾಟುವುದನ್ನೇ ಕಾದಿದ್ದ ಜಯಶ್ರೀ ಕೂಸನ್ನು ಎತ್ತಿಕೊಂಡಳು.

"ಎಲ್ಲಿಗೇ?" ಶಿವಲಿಂಗವ್ವ ಬಾಗಿಲಿಗೆ ಅಡ್ಡ ಬಂದಳು.

"ಬಸ್ ಸ್ಟ್ಯಾಂಡಿಗೆ. ಅವರನ್ನ ಎದುರಾಎದುರ ಕೇಳ್ತೇನಿ."

"ಕರೀದ ಹೊಂಟ್ರ ಮಂದಿ ಏನಂದಾರು!"

"ಅನ್ಲಿ ಬಿಡವ್ವಾ. ಮಂದಿ ಬಾಯಿಗೆ ಅಂಜಿ ಕುಂತ್ರ ನನ್ನ ಸಂಸಾರ ಯಾರು ಮಾಡ್ತಾರ?"

ಓಣಿಯ ಕಣ್ಣೆಲ್ಲ ತನ್ನ ಬೆನ್ನಿಗೆ ಅಂಟಿದಂತಿತ್ತು. ಅವಳು ಬಸ್ ಸ್ಟ್ಯಾಂಡ್ ಮುಟ್ಟುವುದಕ್ಕೂ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಬಾಗಿಲು ತೆರೆಯಿತು. ಹತ್ತಬೇಕೆಂದು ಕಾಲೆತ್ತಿದವಳು ಅಲ್ಲೇ ಕಲ್ಲಾದಳು.

ಮೇಲಿನಿಂದ ಇಳಿಯುತ್ತಿದ್ದವಳು ಮಾಯವ್ವ! ಬಗಲಲ್ಲಿ ಗಂಟು. ಗಂಟಿನಿಂದ ಇಣುಕುತ್ತಿದ್ದ ತೆಂಗಿನಕಾಯಿ, ಕುಬಸದ ಖಣ.

"ಎಲ್ಲಿಗೆ ಹೊಂಟಿ?" ಮಾಯವ್ವ ಕೇಳಿದಳು.

"ನಿಮ್ಮ ಮಗನ್ನ ಕೇಳಾಕ ಬಂದೇನಿ. ನೀವೆಲ್ಲಿಗೆ ಅತ್ತಿ?"

"ನಿನ್ನ ಕರ್ಯಾಕ."

ಡ್ರೈವರನ ಬಾಗಿಲಿಂದ ಮುತ್ತುರಾಜ ಹಾರಿ ಇಳಿದು ಬಂದ. ಜಯಶ್ರೀಯ ಧ್ವನಿ ಒಡೆಯಿತು.

"ಖರೆ ಹೇಳ್ರಿ. ಮೂರು ಸೀಟು ಯಾರ್ಯಾರವು? ನನ್ನ ಬಿಟ್ಟು ನನ್ನ ಕೂಸಿನ್ನ ಎಲ್ಲಿಗೆ ಒಯ್ತೀರಿ?"

"ಏನಂದಿ? ನಿನ್ನ ಬಿಟ್ಟು?" ಅವನು ಬೆಪ್ಪಾಗಿ ನಿಂತ. "ಅವ್ವಂದು, ನಂದು, ನಿಂದು. ಮೂರಾತಲ್ಲ!"

"ಕೂಸಿಂದು?"

ಇಷ್ಟೊತ್ತು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಹುಸೇನಪೀರ ಹಣೆ ಬಡಿದುಕೊಂಡ.

"ಯಾ ಅಲ್ಲಾ! ನೀವಾ ಮುತ್ತೂನ ಮನ್ಯಾರು? ಮೊನ್ನಿ ಅಷ್ಟ ಹೇಳಿದ್ನೆಲ್ರಿ ಅಕ್ಕಾರ, ತೊಡಿ ಮ್ಯಾಲಿನ ಪ್ಯಾಸೆಂಜರಿಗೆ ಟಿಕೆಟ್ ಇಲ್ಲಂತ! ವಿಮಾನದಾಗೂ ಕೂಸಿಗೆ ಬ್ಯಾರೆ ಸೀಟಿಲ್ಲ, ವಯಸ್ಸಿನ ಸರ್ಟಿಫಿಕೇಟ್ ಅಷ್ಟ ತೋರಸ್ಬೇಕು. ಡ್ರೈವರ್ ಹೆಂಡ್ತಿ ಆಗಿ ಇಷ್ಟೂ ತಿಳೀಲಿಲ್ಲೇನು?"

ಬಸ್ಸಿನ ಕಿಟಕಿಗಳಿಂದ ನಗು ಎದ್ದಿತು. ಜಯಶ್ರೀಗೆ ಮಾತ್ರ ಅಳು ಒತ್ತರಿಸಿ ಬಂತು. ಎರಡು ದಿನದ ಬೆಂಕಿಯೆಲ್ಲ ಕಣ್ಣಲ್ಲಿ ಕರಗಿ ಇಳಿಯಿತು.

"ಮತ್ತ ಐದು ತಿಂಗಳು ಯಾಕ ಬರ್ಲಿಲ್ರಿ? ದಿನಾ ಇಲ್ಲೇ ಬಂದು, ಹಾರ್ನ್ ಹೊಡದು ಹೋಗ್ತಿದ್ರಿ..."

"ಬರಿಗೈಲೆ ಹೆಂಗ ಬರ್ಲಿ ಜಯಾ? ನಿಮ್ಮಪ್ಪ ಅಂದದ್ದು ಖರೆ ಇತ್ತು. ನಿನ್ನ ಎಲ್ಲಿಗೂ ಕರ್ಕೊಂಡು ಹೋಗಿರಲಿಲ್ಲ ನಾ." ಅವನು ತಲೆ ತಗ್ಗಿಸಿದ. "ಹೊಸದಾಗಿ ಮದಿವ್ಯಾದಾಗ ನನ್ನ ಬಸ್ಸಿನ್ಯಾಗ ಕುಂತು ಬಾಗಲಕೋಟಿ ಹಿನ್ನೀರಾಗ ಒಂದು ದಿಬ್ಬ ತೋರಿಸಿದ್ದಿ. ಸುತ್ತ ನೀರು, ನಡುವ ನಾವು, ಹೆಂಗಿರ್ತೈತ್ರೀ ಅಂದಿದ್ದಿ. ನೆನಪೈತೇನು?"

ಅವಳಿಗೆ ಮರೆತೇಹೋಗಿತ್ತು. ಅವನಿಗೆ ಮರೆತಿರಲಿಲ್ಲ!

"ರಜಾ ಕೂಡಿಸಿಟ್ಟು, ಎಲ್ಲಾ ಹೊಂದಿಸಿ, ಸೀಟು ಕೈಯಾಗ ಹಿಡಕೊಂಡ ಬಂದು ಕರೀಬೇಕಂತ ಮಾಡಿದ್ದೆ..."

"ಅಂಡಮಾನ ನಾ ಕೇಳಿದ್ನೇನ್ರಿ?" ಅವಳು ಬಿಕ್ಕಿದಳು. "ಬಾ ಅಂದಿದ್ರ ಬರಿಗಾಲಿಲೆ ಬರ್ತಿದ್ನಿ!"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದನಂತೆ. ಗಂಡಸರ ಬುದ್ಧಿಯೇ ಇಷ್ಟು, ಏನು ಮಾಡುವುದು!

ಅವನು ಮತ್ತೆ ಕೈ ಚಾಚಿದ. ಈ ಸಲ ಅವಳು ಹಿಂದೆ ಸರಿಯಲಿಲ್ಲ. ಅಪ್ಪನ ಖಾಕಿ ಅಂಗಿಯ ಗುಂಡಿಯನ್ನು ಕೂಸು ಗಟ್ಟಿಯಾಗಿ ಹಿಡಿದುಕೊಂಡಿತು.

ಅಷ್ಟರಲ್ಲಿ ಹುಲ್ಲಪ್ಪ ಓಡುತ್ತ ಬಂದ. ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು. ಮಾಯವ್ವನನ್ನು ನೋಡಿ ಗಕ್ಕನೆ ನಿಂತ.

"ಬೀಗರ," ಮಾಯವ್ವ ಹೇಳಿದಳು, "ಸಿಟ್ಟು ಇನ್ನೂ ಹೋಗಿಲ್ಲ ನನಗ. ಆದ್ರ ಮಗಾ ಬಂದು ಅವ್ವಾ, ಅಂಡಮಾನಿಗೆ ನೀನೂ ಬಾ ಅಂದಾಗ ರಾತ್ರಿಯೆಲ್ಲಾ ಅತ್ತೇನಿ. ಅರವತ್ತು ವರ್ಷದಾಗ ನನ್ನ ಯಾರೂ ಎಲ್ಲಿಗೂ ಬಾ ಅಂದಿರಲಿಲ್ಲ. ಸೊಸಿಗೂ ನನ್ನ ಗತಿನ ಆಗೂದು ಬ್ಯಾಡ. ಕರ್ಯಾಕ ಬಂದೇನಿ. ಕಳಸ್ರಿ."

ಹುಲ್ಲಪ್ಪನ ನಾಲಿಗೆ ಮೊದಲ ಸಲ ಗಿಡ್ಡವಾಯಿತು. ರುಮಾಲಿನಿಂದ ಕಣ್ಣೊರೆಸಿಕೊಂಡ.

"ತಪ್ಪು ನಂದ ಐತಿ ಬೀಗತಿ. ಮದಲ ಮನಿಗೆ ನಡೀರಿ."

ಬಸ್ಸು ಬಾಗಲಕೋಟೆಗೆ ಹೋಗಿ ಸಂಜೆ ತಿರುಗಿ ಬರುವಷ್ಟರಲ್ಲಿ ಮನೆಯಲ್ಲಿ ಅಂಡಮಾನಿನದೇ ಮಾತು.

"ಅಲ್ಲಿ ಜ್ವಾಳಾ ಸಿಗ್ತಾವೋ ಇಲ್ಲೋ! ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡ ಹೋಗೂಣು" ಎಂದಳು ಮಾಯವ್ವ. "ವಿಮಾನದಾಗ ಖಿಡಕಿ ಸೀಟು ಮಾತ್ರ ಯಾರಿಗೂ ಬಿಟ್ಟು ಕೊಡಾಂಗಿಲ್ಲ!"

"ನಾನೂ ಬರ್ತಿದ್ದೆ, ಕುರಿ ಯಾರ ಕಾಯ್ತಾರ?" ಎಂದು ಹುಲ್ಲಪ್ಪ ಎರಡು ಸಲ ಹೇಳಿದ. ಬಾ ಎಂದು ಯಾರಾದರೂ ಒತ್ತಾಯ ಮಾಡಲಿ ಎಂದು ಕಾಯುವಂತಿತ್ತು.

ಸಂಜೆ ತಿರುವಿನಲ್ಲಿ ಹಾರ್ನ್ ಎರಡು ಸಲ ಕೇಳಿತು. ಉಡಿ ತುಂಬಿಸಿಕೊಂಡ ಜಯಶ್ರೀ ಮುಂದೆ, ತಲೆಯ ಮೇಲೆ ತೊಟ್ಟಿಲು ಹೊತ್ತ ಹುಲ್ಲಪ್ಪ ಹಿಂದೆ.

"ಕೂಸಿಗೆ ಟಿಕೆಟ್ ಇಲ್ಲ, ತೊಟ್ಟಲಕ್ಕ ಐತಿ!" ಎಂದು ಹುಸೇನಪೀರ ನಕ್ಕ.

ಮಾಯವ್ವ ಸರಸರ ಮೊದಲು ಹತ್ತಿದಳು. ಹತ್ತಿದವಳು ಬಸ್ಸಿನ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು.

"ಅವತ್ತು ಹೊಸ್ತಲದಾಗ ತಪ್ಪಿಸಿಕೊಂಡಿದ್ದಿ. ಹೆಸರು ಹೇಳೇ ಹತ್ತಬೇಕು!"

"ಅತ್ತೀ... ಇಷ್ಟು ಮಂದ್ಯಾಗ!"

"ಹೇಳ್ರಿ ಅಕ್ಕಾರ, ಬಸ್ ಲೇಟ್ ಆಗ್ತೈತಿ!" ಬಸ್ಸೆಲ್ಲ ಕೂಗಿತು.

ಜಯಶ್ರೀ ತಲೆಯೆತ್ತಿದಳು. ಕನ್ನಡಿಯಲ್ಲಿ ಅವೇ ಎರಡು ಕಣ್ಣು. ಕಾಯುತ್ತಿದ್ದವು. ಮುಖ ಕೆಂಪಾದರೂ ಅವಳ ಧ್ವನಿ ಈ ಸಲ ನಡುಗಲಿಲ್ಲ.

"ಕಡಲಿನ ನಡುವಿರಲಿ, ಕಮತಗಿ ಹಾದಿ ಇರಲಿ,
ಮುತ್ತುರಾಜರ ಮಗ್ಗಲದಾಗ ನನಗೊಂದು ಸೀಟಿರಲಿ!"

ಬಸ್ಸು ಹೋ ಎಂದಿತು. ಮಾಯವ್ವ ಕೈ ತೆಗೆದು ಸೊಸೆಯ ಕೆನ್ನೆ ಸವರಿ ಲಟಿಕೆ ಮುರಿದಳು.

ಅವಳು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ಮುತ್ತುರಾಜ ಗೇರ್ ಹಾಕಲಿಲ್ಲ. ಕನ್ನಡಿಯಲ್ಲೇ ನೋಡುತ್ತ ಮೆಲ್ಲಗೆ ಕೇಳಿದ.

"ವಿಮಾನದಾಗ ಖಿಡಕಿ ಸೀಟು ಯಾರಿಗೆ ಜಯಾ?"

"ಅತ್ತಿಗೆ."

"ನೀ ಸಮುದ್ರ ನೋಡೂದು ಬ್ಯಾಡೇನು?"

"ಅಲ್ಲಿ ಹೋದಮ್ಯಾಲ ಸುತ್ತೆಲ್ಲಾ ಅದ ಇರ್ತೈತಲ್ರಿ..." ಅವಳು ಕೂಸನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ವಿಮಾನದಾಗ ನಿಮ್ಮನ್ನ ನೋಡ್ತೇನಿ. ಐದು ತಿಂಗಳದ್ದು ಬಾಕಿ ಐತಿ."