ಕರೀ ಹಟ್ಟಿಯ ಚಿತ್ರ

"ಮಾರೆಮ್ಮಕ್ಕನ್ನ ಪೊಲೀಸರಿಗೆ ಕೊಡ್ತಾರಂತರಿ. ಆಕಿ ಏನೂ ಮಾಡಿಲ್ಲರಿ."

ಫೋನಿನಲ್ಲಿ ಹರಿತಾ ಹೇಳಿದ್ದು ಇಷ್ಟೇ. ಉರುಕುಂದಮ್ಮ ಆಗಲೇ ಆಟೋ ಹತ್ತಿದ್ದರು. ಆದೋನಿಯ ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಊರಿನ ಕಳವು, ಮೋಸಗಳ ಗಂಟು ಬಿಡಿಸುವುದೇ ಅವರ ಕೆಲಸ. ಆಟೋ ಓಡಿಸುವುದು, ಜೊತೆಗಿರುವುದು, ಬೈಸಿಕೊಳ್ಳುವುದು ಆಂಜಿನಪ್ಪನ ಕೆಲಸ. ಅದರಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ.

ಚಿತ್ರ ವ್ಯಾಪಾರಿ ಆದೆಪ್ಪನ ಹಳೆಯ ಹತ್ತಿ ಗೋದಾಮಿನ ಮಹಡಿಯಲ್ಲಿ ಹರಿತಾ ಎಂಟು ತಿಂಗಳಿಂದ ಚಿತ್ರ ಬರೆಯುತ್ತಿದ್ದಳು. ದೊಡ್ಡ ಚಿತ್ರವೊಂದನ್ನು ಮುಗಿಸಿಕೊಡುವ ತನಕ ಹೊರಡುವಂತಿಲ್ಲವೆಂದು ಕರಾರು. ಅವಳ ಸರ್ಟಿಫಿಕೇಟುಗಳು ಅವನ ಬೀರುವಿನಲ್ಲಿದ್ದವು. ಕಿಟಕಿಗೆ ಸರಳು, ಮೆಟ್ಟಿಲಿಗೆ ಬೀಗ. ಆಂಜಿನಪ್ಪ ಉರುಕುಂದಮ್ಮನವರ ಹಿಂದೆಯೇ ಒಳಗೆ ಕಾಲಿಟ್ಟ.

ನೆಲಕ್ಕೆ ಹಾಸಿದ್ದ ದೊಡ್ಡ ಬಟ್ಟೆಯ ಮೇಲೆ ಕಪ್ಪು, ಕೆಂಪು ಕಲಸಿ ಹರಿದಿದ್ದವು. ಮೊದಲೂ ಹೀಗೇ ಇದ್ದಿರಬೇಕು, ಕೆಟ್ಟದ್ದೇನು ಎಂದುಕೊಂಡ ಆಂಜಿನಪ್ಪ. ಪುಣ್ಯಕ್ಕೆ ಬಾಯಿಬಿಟ್ಟು ಹೇಳಲಿಲ್ಲ.

"ಮಧ್ಯಾಹ್ನ ಹರಿತಾ ಉಣ್ಣಾಕ ಇಳಿದಾಗ ಹಿಂಗಾಗೈತಿ. ಮೆಟ್ಟಿಲಿಗೆ ಬೀಗ ಹಾಕಿತ್ತು. ಕೀಲಿ ನನ್ನ ಹತ್ರ ಒಂದು, ಕೆಲಸದ ಮಾರೆಮ್ಮನ ಹತ್ರ ಒಂದು. ಬೈದಿದ್ದೆ, ಆ ಸಿಟ್ಟಿಗೆ ನೀರು ಸುರುವ್ಯಾಳ," ಎಂದ ಆದೆಪ್ಪ. "ಹರಿತಾನ ಕುಂಚ, ಆಯಿಲ್ ಪೇಂಟು, ಎಲ್ಲಾ ನನಗ ಗೊತ್ತರಿ. ಕೊಳ್ಳೋರಿಗೆ ವಿವರಿಸಾಂವ ನಾನ. ಪಾಪ, ಈಗ ಮೊದಲಿಂದ ಬರೀಬೇಕು."

ಮಾರೆಮ್ಮ ಬಾಗಿಲ ಬಳಿ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು.

ಉರುಕುಂದಮ್ಮ ಬಟ್ಟೆಯ ಮೂಲೆಗೆ ಬಗ್ಗಿದರು. "ಆಂಜಿನಪ್ಪ, ಮೂಸಿ ನೋಡು."

"ಟರ್ಪೆಂಟೈನ್ ವಾಸನಿರಿ. ನೀರು ಇಲ್ಲೀತನ ಬಂದಿಲ್ಲ. ತಿಕ್ಕ್ಯಾರ, ಬಣ್ಣ ಮಾತ್ರ ಹೋಗಿಲ್ಲ."

"ಹೆಂಗ ಬರೀತೀಯವ್ವ?" ಎಂದು ಅವರು ಹರಿತಾಳನ್ನು ಕೇಳಿದರು.

"ಕೌತಾಳದ ಎರೆಮಣ್ಣು, ದೇವನಕೊಂಡದ ಕೆಮ್ಮಣ್ಣುರಿ. ನಮ್ಮಪ್ಪ ಹೊಲದಾಗ ಕುರಿ ಹಟ್ಟಿ ಹಾಕ್ತಿದ್ದ. ನಾನು ಕುರಿ ಬರಿಯಂಗಿಲ್ಲ, ಅವು ಒತ್ತಿಕೊಂಡು ನಿಂತದ್ದು ಬರೀತೀನಿ. ಸುತ್ತ ಕರೀ ಬೇಲಿ, ಒಳಗ ಕೆಂಪು ಧೂಳು. ಬೇಲಿ ಎಲ್ಲಿ ತೆಗೀಬೇಕೋ, ಅದೊಂದು ಹೊಳೀವಲ್ದಾಗಿತ್ತು. ಆದರೂ ಈ ವಾರ ಮುಗಿಸಿ ಹೋಗ್ತೀನಂತ ನಿನ್ನೆ ಆದೆಪ್ಪಣ್ಣಗ ಹೇಳಿದ್ದೆ."

"ಮಣ್ಣು ಹಿಡಿಯಾಕ?"

"ಹುಣಸೆಬೀಜದ ಗಂಜಿರಿ, ಕಂಬಳಿಗೆ ಹಾಕ್ತಾರಲ್ಲ, ಅದು. ಮಾರೆಮ್ಮಕ್ಕ ಕುದಿಸಿ ಕೊಡ್ತಾಳ. ಕಂಬಳಿ ತುಂಡಿನಿಂದ ಬಳೀತೀನಿ. ಆಕಿ ಬಿಟ್ರ ಯಾರಿಗೂ ನೋಡಾಕ ಬಿಟ್ಟಿಲ್ಲ."

ಉರುಕುಂದಮ್ಮ ಎಲ್ಲರನ್ನೂ ಚಿತ್ರದ ಸುತ್ತ ನಿಲ್ಲಿಸಿದರು.

"ಬಂದಾಂವ ಮೊದಲು ಟರ್ಪೆಂಟೈನ್ ಹಾಕಿ ತಿಕ್ಕ್ಯಾನ. ಗಂಜಿ ಅದಕ್ಕ ಜಗ್ಗಂಗಿಲ್ಲ. ಸಿಟ್ಟು ಬಂದು ಕೊಡದ ನೀರು ಸುರುವ್ಯಾನ, ಆಗ ಕರಗೈತಿ. ಗಂಜಿ ಕುದಿಸೋ ಮಾರೆಮ್ಮಗ ನೀರೊಂದ ಸಾಕಂತ ಗೊತ್ತು. ಹರಿತಾಗೂ ಗೊತ್ತು. ಇದು ಆಯಿಲ್ ಪೇಂಟು, ಟರ್ಪೆಂಟೈನಿಗೇ ಕರಗತೈತಿ ಅಂತ ನಂಬಿದಾಂವ ಮಾತ್ರ ಅದನ್ನ ತರ್ತಾನ. ಈ ಕೋಣ್ಯಾಗ ಒಂದು ಕುಂಚ ಐತೇನು ನೋಡ್ರಿ. ಇರೋವು ಎರಡು ಕೀಲಿ. ಬಾಯಿ ಬಿಟ್ಟರೆ ಬಣ್ಣಗೇಡು, ಆದೆಪ್ಪ."

ಆದೆಪ್ಪ ತಲೆ ತಗ್ಗಿಸಿದ. "ಆಕಿ ಹೋದ್ರ ನನ್ನ ಅಂಗಡಿಗೆ ಏನ್ ಉಳೀತದರಿ," ಎಂದ. ಬಳಿಕ ಮೆಲ್ಲಗೆ, "ಏನಾದ್ರೂ ಕರಾರು ಕರಾರೇ. ಚಿತ್ರ ಮುಗಿದಿಲ್ಲ," ಎಂದೂ ಸೇರಿಸಿದ.

ಆಂಜಿನಪ್ಪನಿಗೆ ಅವನ ಕೆನ್ನೆಗೊಂದು ಬಿಡಬೇಕೆನ್ನಿಸಿತು. ಆದರೆ ಹರಿತಾ ಆದೆಪ್ಪನ ಮಾತನ್ನು ಕೇಳುತ್ತಲೇ ಇರಲಿಲ್ಲ. ಬಟ್ಟೆಯ ಸುತ್ತ ನಡೆಯುತ್ತಿದ್ದವಳು ಒಂದೆಡೆ ನಿಂತುಬಿಟ್ಟಳು. ಅಲ್ಲಿ ನೀರು ಕಪ್ಪು ಬೇಲಿಯನ್ನು ಒಡೆದಿತ್ತು. ಒಳಗಿನ ಕೆಂಪೆಲ್ಲ ಅಲ್ಲಿಂದಲೇ ಅಂಚಿನವರೆಗೆ ಹರಿದುಹೋಗಿತ್ತು.

"ಇಲ್ಲಿ ತೆಗೀಬೇಕಿತ್ತು," ಎಂದಳು. ಕೂತು, ಹಸಿ ಕೆಂಪಿನಲ್ಲಿ ಬೆರಳದ್ದಿ ಮೂಲೆಯಲ್ಲಿ ತನ್ನ ಹೆಸರು ಬರೆದಳು. "ಚಿತ್ರ ಮುಗೀತು, ಆದೆಪ್ಪಣ್ಣ. ಕರಾರಿನಂಗ ತಗೊಳ್ರಿ. ನನ್ನ ಸರ್ಟಿಫಿಕೇಟು ಕೊಡ್ರಿ."

ಆಂಜಿನಪ್ಪ ಮತ್ತೊಮ್ಮೆ ನೆಲ ನೋಡಿದ. ಈ ಸಲ ಅವನಿಗೂ ಕಂಡಿತು, ಹಟ್ಟಿಯಿಂದ ಕುರಿಗಳು ಹೊರಗೆ ನುಗ್ಗುತ್ತಿದ್ದವು. ಅವನ ಕಣ್ಣು ತುಂಬಿ ಬಂತು.

ಉರುಕುಂದಮ್ಮ ಕೈಚಾಚಿ ನಿಂತಿದ್ದರು. ಆದೆಪ್ಪ ಬೀರು ತೆರೆಯಲೇಬೇಕಾಯಿತು. ಮಾರೆಮ್ಮ ಸೊಂಟದ ಕೀಲಿ ಬಿಚ್ಚಿ ಅವನ ಮುಂದಿಟ್ಟು, ಹರಿತಾಳ ಚೀಲ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದಳು.